ಅತ್ತೆ ಹಡಗು, ಸೊಸೆ ಹಡಗು

ಶೇಷಾದ್ರಿ ಯಾವ ವಸ್ತುವನ್ನೂ ಅವಸರದಲ್ಲಿ ಕೊಂಡವರಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ಯೂನಿಯನ್ ಸಿಟಿಯಲ್ಲಿ ಅವರ ಮನೆಗೆ ಬಟ್ಟೆ ಒಗೆಯುವ ಯಂತ್ರ ಬರಲು ಹದಿನಾಲ್ಕು ತಿಂಗಳು ಹಿಡಿದಿತ್ತು. ಅಷ್ಟೂ ಕಾಲ ಹೆಂಡತಿ ವಸುಧಾ ನಾಣ್ಯ ಹಾಕುವ ಲಾಂಡ್ರಿಗೆ ಬುಟ್ಟಿ ಹೊತ್ತು ಹೋಗಿಬಂದರು. ಕೊನೆಗೆ ಬಂದ ಯಂತ್ರ ಹನ್ನೊಂದು ವರ್ಷ ಒಮ್ಮೆಯೂ ಕೆಡಲಿಲ್ಲವೆಂಬುದನ್ನೂ ಹೇಳಬೇಕು. ಕೊಲ್ಲಿಯಾಚೆಯ ಮೆನ್ಲೋ ಪಾರ್ಕಿನಲ್ಲಿ ಅಳತೆಯ ಉಪಕರಣಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಅವರ ವೃತ್ತಿಯೇ ಅದಾಗಿತ್ತು: ಒಂದು ಬಿಡಿಭಾಗ ಎಷ್ಟು ಗಂಟೆ ದುಡಿದ ಮೇಲೆ ಸೋಲುತ್ತದೆ, ಸೋತರೆ ಹೇಗೆ ಸೋಲುತ್ತದೆ ಎಂಬುದನ್ನು ಅದು ಸೋಲುವ ಮೊದಲೇ ಲೆಕ್ಕ ಹಾಕುವುದು. ಕೊಲ್ಲಿಯ ಈಚೆ ದಡದ ಕನ್ನಡದ ಮನೆಗಳಲ್ಲಿ ಕಾರು ಕೊಳ್ಳುವವರೆಲ್ಲ ಮೊದಲು ಅವರಿಗೆ ಫೋನು ಮಾಡುತ್ತಿದ್ದರು. ಅವರು ಹೇಳಿದ ಕಾರು ಕೊಂಡವರಾರೂ ಪಶ್ಚಾತ್ತಾಪ ಪಟ್ಟಿರಲಿಲ್ಲ.

೧೯೮೫ರ ಫೆಬ್ರುವರಿಯಲ್ಲಿ ವಸುಧಾ ಅಂಗಡಿಯ ಬಾಗಿಲಲ್ಲಿ ಮೂರನೆಯ ಬಾರಿ ಎಡವಿ ಬಿದ್ದರು. ಪರೀಕ್ಷೆಗಳು ಮುಗಿಯಲು ಐದು ವಾರ ಹಿಡಿಯಿತು. ನರಗಳು ಸ್ನಾಯುಗಳನ್ನು ಒಂದೊಂದಾಗಿ ಕೈಬಿಡುವ ರೋಗ. ಮೊದಲು ಕಾಲು, ಆಮೇಲೆ ಕೈ, ನಾಲಿಗೆ, ಕಡೆಗೆ ಉಸಿರು. ಔಷಧವಿಲ್ಲ. ವೈದ್ಯರು ಮುಖ ತಪ್ಪಿಸದೆ ಹೇಳಿದರು: "ಮಾಡಬೇಕು ಅಂದುಕೊಂಡಿದ್ದು ಏನಾದರೂ ಇದ್ದರೆ ಈ ವರ್ಷವೇ ಮಾಡಿ."

ಇಬ್ಬರೂ ಫ್ರೀವೇ ಹಿಡಿದು ಮನೆಯ ಕಡೆ ಹೊರಟರು. ಹೇವರ್ಡ್ ದಾಟಿದ ಮೇಲೆ ವಸುಧಾ ಹೇಳಿದರು, "ನಂಗೆ ಹಡಗಲ್ಲಿ ಹೋಗ್ಬೇಕು ರೀ."

"ಇಂಡಿಯಾಕ್ಕಾ?"

"ಅಯ್ಯೋ, ಇಂಡಿಯಾಕ್ಕೆ ಯಾಕೆ ಹಡಗು! ವೆಸ್ಟ್ ಇಂಡೀಸಿಗೆ."

ಮದುವೆಗೆ ಮುಂಚೆ ವಸುಧಾ ಮೈಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆರು ವರ್ಷ ಭೂಗೋಳ ಕಲಿಸಿದ್ದರು. ಕಪ್ಪುಹಲಗೆಯ ಮೇಲೆ ಆ ದ್ವೀಪಗಳ ಸಾಲನ್ನು ಕೈಯೆತ್ತದೆ ಬರೆಯುತ್ತಿದ್ದರು. ಕ್ಯೂಬಾದಿಂದ ಟ್ರಿನಿಡಾಡ್‌ವರೆಗೆ ಒಂದೂ ತಪ್ಪುತ್ತಿರಲಿಲ್ಲ. ಆಗ ಅವರು ಸಮುದ್ರವನ್ನೇ ನೋಡಿರಲಿಲ್ಲ. ಅಮೆರಿಕಕ್ಕೆ ಬಂದ ಹದಿನೈದು ವರ್ಷಗಳಲ್ಲಿ ಅವರ ರಜೆಗಳೆಲ್ಲ ಒಂದು ಕನ್ನಡದ ಮನೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ, ಮೊಸರನ್ನದ ಡಬ್ಬಿಯೊಂದಿಗೆ ಕಳೆದುಹೋಗಿದ್ದವು. ಮಕ್ಕಳಿಲ್ಲದ ದಂಪತಿಗೆ ಬೇರೆ ಕಡೆ ಹೋಗಲು ನೆಪಗಳೂ ಇರಲಿಲ್ಲ.

"ಹಡಗಲ್ಲಾದ್ರೆ ನಾನು ನಡೀಬೇಕಾಗಿಲ್ಲ. ಊರುಗಳೇ ನಮ್ಮ ಹತ್ರ ಬರತ್ವೆ," ಎಂದರು. "ಒಂದ್ಸಲ ಹಡಗಿನಂಚಿನ ಕಟಾಂಜನ ಹಿಡ್ಕೊಂಡು ನನ್ನ ಕಾಲ್ಮೇಲೆ ನಾನು ನಿಂತು ನೋಡ್ಬೇಕು. ಅಷ್ಟೆ."

ಶೇಷಾದ್ರಿ ಒಪ್ಪಿದರು. ಒಪ್ಪಿದ ಕ್ಷಣದಿಂದಲೇ ಅವರ ಮನಸ್ಸು ಹಗುರಾಯಿತು. ಮಾಡಲು ಒಂದು ಕೆಲಸ ಸಿಕ್ಕಿತ್ತು.

ಯೂನಿಯನ್ ಸಿಟಿಯಲ್ಲಿ ಪುಟ್ಟಸ್ವಾಮಿ ಎಂಬವರ ಟ್ರಾವೆಲ್ ಏಜೆನ್ಸಿ ಇತ್ತು. ಮಂಡ್ಯದ ಕಡೆಯವರು, ಎರಡು ಮೇಜಿನ ಅಂಗಡಿ. ಭಾರತದ ವಿಮಾನದ ಟಿಕೆಟ್ಟುಗಳೇ ಅವರ ವ್ಯಾಪಾರ; ಹಡಗುಗಳ ಬಣ್ಣದ ಪುಸ್ತಿಕೆಗಳು ಗೋಡೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಮಯಾಮಿಯಿಂದ ಹೊರಡುವ, ಏಳು ದಿನಗಳ ಎರಡು ಯಾನಗಳನ್ನು ಅವರು ಮುಂದಿಟ್ಟರು.

ಒಂದು ಮೂವತ್ತು ವರ್ಷದ ಹಳೆಯ ಹಡಗು. ಅಟ್ಲಾಂಟಿಕ್ ದಾಟಲೆಂದೇ ಕಟ್ಟಿದ್ದು; ವಿಮಾನಗಳು ಬಂದ ಮೇಲೆ ಆ ಕೆಲಸ ತಪ್ಪಿ ವಿಹಾರಕ್ಕೆ ಇಳಿದದ್ದು. ಆಳವಾದ ತಳ, ಹಡಗಿನ ಸುತ್ತ ಪ್ರದಕ್ಷಿಣೆ ಹಾಕಬಹುದಾದ ಮರದ ಹಾಸಿನ ಮೊಗಸಾಲೆ. ಇನ್ನೊಂದು ಮೂರು ವರ್ಷದ ಹಿಂದೆ ನೀರಿಗಿಳಿದ ಹೊಸ ಹಡಗು. ದೊಡ್ಡ ಕಿಟಕಿಗಳು, ಅಗಲವಾದ ಬಾಗಿಲುಗಳು, ಎಲ್ಲ ಅಂತಸ್ತಿಗೂ ಲಿಫ್ಟು, ಜೂಜುಕಟ್ಟೆ, ಕುಣಿತದ ಹಾಲು.

"ಇದು ಅತ್ತೆ, ಇದು ಸೊಸೆ," ಎಂದರು ಪುಟ್ಟಸ್ವಾಮಿ. "ಅತ್ತೆ ಗಟ್ಟಿ ಅವ್ಳೆ, ಅಲೆ ಬಂದ್ರೂ ಅಲ್ಲಾಡಕಿಲ್ಲ, ಆದ್ರೆ ಮನೆ ತುಂಬ ಕಟ್ಟುನಿಟ್ಟು. ಸೊಸೆ ತಳುಕು ಬಳುಕು, ಗಾಳಿ ಬೀಸುದ್ರೆ ಓಲಾಡ್ತಾಳೆ. ಅವ್ವಾರೆ, ನಿಮಗ್ ಯಾರ್ ಬೇಕು?"

ವಸುಧಾ ನಕ್ಕರು. ಹಳೆಯ ಹಡಗಿನ ಚಿತ್ರದಲ್ಲಿ ಪ್ರತಿ ಬಾಗಿಲ ಬುಡದಲ್ಲೂ ನೀರು ನುಗ್ಗದಂತೆ ಎತ್ತರದ ಅಡ್ಡಪಟ್ಟಿ ಇತ್ತು. "ನೋಡಿ ರೀ, ಹೊಸ್ತಿಲು! ಅರಿಶಿನ ಕುಂಕುಮ ಹಚ್ಬಹುದು. ನಂಗೆ ಅತ್ತೇನೆ ಇರ್ಲಿ. ಮೈಸೂರಲ್ಲಿ ಇದ್ದೋರು ಬೈಯೋದ್ರಲ್ಲೇ ಕಾಲ ಕಳೆದ್ರು, ಇವರಾದ್ರೂ ಊರು ತೋರಿಸ್ತಾರೆ."

"ನೋಡೋಣ," ಎಂದರು ಶೇಷಾದ್ರಿ.

ಆ ವಾರ ಅವರು ಕೋಷ್ಟಕವೊಂದನ್ನು ಬರೆದರು. ಎಡಗಡೆ ಇಪ್ಪತ್ತಮೂರು ಅಂಶಗಳು, ಪ್ರತಿಯೊಂದಕ್ಕೂ ಅದರ ಮಹತ್ವಕ್ಕೆ ತಕ್ಕ ತೂಕ, ಎದುರಿಗೆ ಎರಡೂ ಹಡಗುಗಳ ಅಂಕ. ತಿಳಿಯದ ಅಂಕಗಳಿಗಾಗಿ ಎರಡೂ ಕಂಪೆನಿಗಳಿಗೆ ಪತ್ರ ಹೋಯಿತು. ತಳ ಎಷ್ಟು ಅಡಿ ಮುಳುಗುತ್ತದೆ? ಹೊಯ್ದಾಟ ತಡೆಯುವ ರೆಕ್ಕೆಗಳು ಎಷ್ಟು? ಹೊಸ್ತಿಲು ಎಷ್ಟು ಅಂಗುಲ? ತರಕಾರಿ ಸಾರಿಗೂ ಮಾಂಸದ ಸಾರಿಗೂ ಒಂದೇ ಸೌಟೋ, ಬೇರೆಯೋ? ಹಳೆಯ ಹಡಗಿನವರು ಆರು ವಾರದ ನಂತರ ಉತ್ತರಿಸಿದರು: ಹೊಸ್ತಿಲು ಒಂಬತ್ತು ಅಂಗುಲ, ಸೌಟಿನ ಬಗ್ಗೆ ಮುಖ್ಯ ಬಾಣಸಿಗರನ್ನು ವಿಚಾರಿಸಲಾಗುವುದು. ಹೊಸ ಹಡಗಿನವರು ಇನ್ನಷ್ಟು ಬಣ್ಣದ ಪುಸ್ತಿಕೆಗಳನ್ನು ಕಳಿಸಿದರು. ಶೇಷಾದ್ರಿ ಮತ್ತೆ ಬರೆದರು.

ಜೂನ್ ಹೊತ್ತಿಗೆ ಕೋಷ್ಟಕ ಮುಗಿಯಿತು. ಹಳೆಯದಕ್ಕೇ ಹೆಚ್ಚು ಅಂಕ. ತೂರಾಡುವ ಕಾಲುಗಳಿಗೆ ಅಲುಗದ ನೆಲವೇ ಮುಖ್ಯವೆಂದು ಅವರು ಸರಿಯಾಗಿಯೇ ತೂಗಿದ್ದರು. ಆದರೆ ಆ ತಿಂಗಳು ವಸುಧಾ ಊರುಗೋಲು ಹಿಡಿದರು. ಊರುಗೋಲಿನವರಿಗೆ ಒಂಬತ್ತು ಅಂಗುಲದ ಹೊಸ್ತಿಲು ಬೇರೆಯೇ ಅಂಶ. ತೂಕಗಳನ್ನು ಮತ್ತೆ ಹಂಚಬೇಕಾಯಿತು. ಸೆಪ್ಟೆಂಬರಿನಲ್ಲಿ ಎರಡನೆಯ ಕೋಷ್ಟಕ ಮುಗಿದಾಗ ಊರುಗೋಲಿನ ಜಾಗಕ್ಕೆ ನಾಲ್ಕು ಕಾಲಿನ ಆಸರೆ ಬಂದಿತ್ತು. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಲೆಕ್ಕ ಯಾವ ಹೆಂಗಸಿನ ಸಲುವಾಗಿ ನಡೆದಿತ್ತೋ ಅವಳು ಮಾತ್ರ ಉತ್ತರ ಬರುವ ವೇಳೆಗೆ ಅಲ್ಲಿರುತ್ತಿರಲಿಲ್ಲ.

"ಏನ್ ಸ್ವಾಮಿ, ಇನ್ನೂವೆ ಲೆಕ್ಕ ಆಗ್ನಿಲ್ವಾ?" ಎಂದು ಪುಟ್ಟಸ್ವಾಮಿ ಫೋನಿನಲ್ಲಿ ಕೆಣಕುತ್ತಿದ್ದರು. "ನಮ್ಮೂರಲ್ಲೊಬ್ಬ ಎಣ್ಣು ನೋಡಾಕ್ ಓಗಿ ಜಾತ್ಕ ತಿರುವಾಕ್ತಾ ಕುಂತಿದ್ನಂತೆ. ತಲೆ ಎತ್ತೋ ವೊತ್ಗೆ ಆ ಎಣ್ಣಿನ ಮಗೀಗೆ ನಾಮಕರ್ಣ ಆಯ್ತಿತ್ತಂತೆ."

"ತಪ್ಪು ಹಡಗು ಹತ್ತಿಸಿಬಿಟ್ರೆ ನಡುಸಮುದ್ರದಲ್ಲಿ ಇಳಿಯೋಕಾಗತ್ತೇನ್ರಿ?" ಎನ್ನುತ್ತಿದ್ದರು ಶೇಷಾದ್ರಿ. ಅವರ ಮಾತಿನಲ್ಲಿ ತರ್ಕವಿತ್ತು. ತರ್ಕದ ಕೆಳಗೆ ಇನ್ನೊಂದು ಇತ್ತು: ಆರಿಸುವುದು ಮುಗಿದರೆ ಹೋಗಬೇಕು, ಹೋದರೆ ಬರಬೇಕು, ಬಂದ ಮೇಲೆ ಮುಂದಕ್ಕೆ ಎದುರುನೋಡಲು ಏನೂ ಉಳಿಯದು. ಅದಕ್ಕೆ ಅವರು ಯಾವ ತೂಕವನ್ನೂ ಕೊಟ್ಟಿರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ, ಶೇಷಾದ್ರಿ ಆಫೀಸಿಗೆ ಹೋದ ಮೇಲೆ, ವಸುಧಾ ತಾವೇ ಪುಟ್ಟಸ್ವಾಮಿಗೆ ಫೋನು ಮಾಡಿದರು. ಡಿಸೆಂಬರ್ ಎಂಟರ ಯಾನಕ್ಕೆ ಹಳೆಯ ಹಡಗಿನಲ್ಲಿ ಇಬ್ಬರಿಗೆ ಒಂದು ಕೋಣೆ. ರಾಯರಿಗೆ ಈಗಲೇ ಹೇಳಬೇಡಿ, ನಾನೇ ಹೇಳುತ್ತೇನೆ ಎಂದರು. ಹೇಳಲು ಅವರಿಗೆ ಹದಿನೇಳು ದಿನ ಬೇಕಾಯಿತು. ಆ ಹದಿನೇಳು ದಿನ ಅವರು ಅಡುಗೆಮನೆಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುವುದನ್ನು ಅಭ್ಯಾಸ ಮಾಡಿದರು. ಮೊದಲು ನಾಲ್ಕು ನಿಮಿಷ, ಕೊನೆಗೆ ಏಳು.

ಕೇಳಿ ಶೇಷಾದ್ರಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಸುಧಾ ಜಗಳವಾಡಿ ಗೆಲ್ಲುತ್ತಿದ್ದರೇನೋ. ಶೇಷಾದ್ರಿ ಹಳೆಯ ಹಡಗಿನ ನಕ್ಷೆಯನ್ನು ಊಟದ ಮೇಜಿನ ಮೇಲೆ ಬಿಡಿಸಿ, ಪೆನ್ಸಿಲ್ಲಿನ ತುದಿಯಿಂದ ಒಂದೊಂದೇ ಬಾಗಿಲು ಮುಟ್ಟಿ ತೋರಿಸಿದರು.

"ನೋಡು ವಸೂ. ನಮ್ಮ ಕೋಣೆಯಿಂದ ಹೊರಗಿನ ಮೊಗಸಾಲೆಗೆ ಐದು ಹೊಸ್ತಿಲು. ಊಟದ ಹಾಲಿಗೆ ಎಂಟು. ಬಚ್ಚಲಿಗೂ ಒಂದು. ಡಿಸೆಂಬರಿಗೆ ನೀನು ವೀಲ್‌ಚೇರಲ್ಲಿ ಇರ್ತೀಯ ಅಂತ ಡಾಕ್ಟ್ರೇ ಹೇಳಿದಾರೆ. ಕೋಣೇಲೇ ಕೂತು ವಾಪಸ್ ಬರೋಕೆ ಹೋಗ್ಬೇಕಾ?"

"ಕೋಣೇಲೆ ಕೂತ್ರೂ ಸಮುದ್ರದ ಮೇಲೆ ಕೂತಂಗಲ್ವೇ?"

"ಹೊಸದ್ರಲ್ಲಿ ವೀಲ್‌ಚೇರಿಗೇ ಅಂತ ಮಾಡಿರೋ ಕೋಣೆ ಇದೆ. ಒಂದೂ ಹೊಸ್ತಿಲಿಲ್ಲ. ಅದನ್ನೇ ಮಾಡ್ಸೋಣ."

"ಮಾಡ್ಸೋಣ ಅಲ್ಲ ರೀ. ಇದು ಮಾಡ್ಸಿ ಆಗಿದೆ."

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಗೊತ್ತು," ಎಂದರು ವಸುಧಾ. "ಅದಕ್ಕೇ ಏನೂ ಹೇಳೋಕಾಗಲ್ಲ ನಿಮಗೆ."

ಮರುದಿನ ಶೇಷಾದ್ರಿ ಹಳೆಯ ಹಡಗಿನ ಕೋಣೆಯನ್ನು ರದ್ದು ಮಾಡಿಸಿದರು. ಪುಟ್ಟಸ್ವಾಮಿ ಒಂದು ಮಾತು ಹೇಳಿದ್ದರು: "ಇರ್ಲಿ ಬಿಡಿ ಸ್ವಾಮಿ, ಎಂಗೋ ಆಯ್ತದೆ." ಹೇಗೋ ಆಗುತ್ತದೆ ಎಂಬುದು ಶೇಷಾದ್ರಿಯವರ ಕಚೇರಿಯಲ್ಲಿ ಯಾರೂ ಆಡಬಾರದ ಮಾತಾಗಿತ್ತು. ಹೊಸ ಹಡಗಿನಲ್ಲಿ ಅಂಥ ಕೋಣೆಗಳು ಇದ್ದದ್ದು ಎರಡೇ, ಮುಂದಿನ ಏಪ್ರಿಲ್‌ವರೆಗೆ ಎರಡೂ ತುಂಬಿದ್ದವು. ಅವರು ಏಪ್ರಿಲ್ ಹದಿಮೂರರ ಯಾನಕ್ಕೆ ಕೋಣೆ ಗೊತ್ತುಮಾಡಿದರು. ಜೀವನದಲ್ಲಿ ಅವರು ಅಷ್ಟು ಬೇಗ ಯಾವ ನಿರ್ಧಾರವನ್ನೂ ಮಾಡಿರಲಿಲ್ಲ.

ನವೆಂಬರಿನಲ್ಲಿ ವೀಲ್‌ಚೇರು ಬಂತು, ವೈದ್ಯರು ಹೇಳಿದಂತೆಯೇ. ಜನವರಿಯಲ್ಲಿ ಕೈಗಳು ಸೋತವು. ಫೆಬ್ರುವರಿಯಿಂದ ಮಾತು ತೊದಲತೊಡಗಿ, ಮಾರ್ಚಿ ಮೊದಲ ವಾರಕ್ಕೆ ವಸುಧಾ ಹೇಳಿದ್ದು ಶೇಷಾದ್ರಿಗಲ್ಲದೆ ಯಾರಿಗೂ ತಿಳಿಯದಾಯಿತು. ಅವರು ತಿಂಗಳ ರಜೆ ಹಾಕಿ ಮನೆಯಲ್ಲೇ ಉಳಿದು, ಅನ್ನವನ್ನು ನುಣ್ಣಗೆ ಮಿದ್ದು ಉಣಿಸುತ್ತಿದ್ದರು. ಹುಳಿಯ ಹೋಳುಗಳನ್ನು ಅರೆದು ಸೋಸುತ್ತಿದ್ದರು. ಮಾರ್ಚಿ ಹತ್ತೊಂಬತ್ತರಂದು ವೈದ್ಯರು ಉಸಿರಿನ ಬಲವನ್ನು ಅಳೆದು, ವಿಮಾನದಲ್ಲಿ ಮಯಾಮಿಯವರೆಗೆ ಹೋಗುವುದು ಇನ್ನು ಸಾಧ್ಯವಿಲ್ಲ ಎಂದರು. ಒಂದು ಹೊಸ್ತಿಲೂ ಇಲ್ಲದ ಕೋಣೆ ಬೇರೆ ಯಾರಿಗೋ ಹೋಯಿತು.

ಆ ಶನಿವಾರ ಮಧ್ಯಾಹ್ನ ಪುಟ್ಟಸ್ವಾಮಿ ಮನೆಗೆ ಬಂದರು. ವಸುಧಾರನ್ನು ಅವರು ನೋಡಿ ಐದು ತಿಂಗಳಾಗಿತ್ತು. ಕುರ್ಚಿಯ ಬೆನ್ನಿಗೆ ದಿಂಬು ಕೊಟ್ಟು, ತಲೆ ವಾಲದಂತೆ ಪಟ್ಟಿ ಕಟ್ಟಿ ಕೂರಿಸಿದ್ದ ಹೆಂಗಸನ್ನು ಕಂಡು ಅವರು ಸೋಫಾದ ಅಂಚಿನಲ್ಲಿ ಕೂತರು. ಕಾಫಿ ಲೋಟ ಕೈಗೆ ಬಂದ ಮೇಲೆ, ಒಳ್ಳೆಯ ಮನಸ್ಸಿನಿಂದಲೇ ಮಾತಿಗಿಳಿದರು.

"ಗಿಲ್‌ರಾಯ್ ಕಡೆ ಬೆಳ್ಳುಳ್ಳಿ ಬೆಳ್ಯೋರ ಮನೆ ಒಂದಯ್ತೆ, ಅವ್ವಾರೆ. ಪೋರ್ಚುಗೀಸ್ ಜನ. ಅವ್ರ ಮುದುಕೀಗೆ ಒಂದ್ ಕಾಲ್ ಇಲ್ಲ, ಕುರ್ಚಿ ಮೇಲೇ ಎಲ್ಲಾವೆ. ಡಿಸೆಂಬರ್ ಎಂಟಕ್ಕೆ ನಿಮ್ ರೂಮು ಖಾಲಿ ಆಯ್ತಲ್ಲ, ಅದ್ನೇ ಅವ್ರಿಗ್ ಕೊಟ್ಟೆ. ಮೊನ್ನೆ ಬಂದಿದ್ರು, ಏನ್ ಖುಷಿ ಅಂತೀರಿ!"

ಶೇಷಾದ್ರಿ ಕೇಳಿದರು, "ಹಳೇ ಹಡಗಲ್ಲೇ? ಹೊಸ್ತಿಲು ಹ್ಯಾಗೆ ದಾಟಿದ್ರು?"

"ಅದ್ಯಾವ್ ದೊಡ್ ಇಸ್ಯ ಸ್ವಾಮಿ? ಇಬ್ರು ಖಲಾಸಿಗ್ಳು, ಕುರ್ಚಿ ಸಮೇತ ಎತ್ತಿ ದಾಟುಸ್ಬುಡ್ತಾರಂತೆ. ಊಟಕ್ಕೆ, ಬಿಸ್ಲಿಗೆ, ಎಲ್ಲಿಗ್ ಅಂದ್ರೆ ಅಲ್ಗೆ. ಹಳೇ ಹಡಗ್ನಲ್ಲಿ ಅದೇ ಅಬ್ಯಾಸ್ವಂತೆ, ವಯಸ್ಸಾದೋರೇ ಜಾಸ್ತಿ ಬರೋದು ಅಂತ." ಹೇಳುತ್ತಿದ್ದಂತೆ ಅವರಿಗೇ ತಮ್ಮ ಮಾತು ಕೇಳಿಸಿತು. "ನಂಗೂ ಗೊತ್ತಿರ್ನಿಲ್ಲ. ಮೊನ್ನೆ ಅವ್ರ್ ಏಳುದ್ಮೇಲೇ…"

ಹೊಸ್ತಿಲಿನ ಎತ್ತರವನ್ನು ಶೇಷಾದ್ರಿ ಅಂಗುಲದಲ್ಲಿ ಕೇಳಿ ತಿಳಿದಿದ್ದರು. ಬಾಗಿಲಿನ ಅಗಲ, ಲಿಫ್ಟಿನ ಉದ್ದ, ಸೌಟಿನ ವಿಷಯ. ಎರಡೂ ಕಂಪೆನಿಗಳಿಗೆ ಅವರು ಬರೆದಿದ್ದ ಏಳು ಪತ್ರಗಳಲ್ಲಿ, ಯಾರಾದರೂ ಎತ್ತಿ ದಾಟಿಸುವಿರಾ ಎಂಬ ಸಾಲು ಇರಲಿಲ್ಲ. ಇಪ್ಪತ್ತು ವರ್ಷದ ಉದ್ಯೋಗದಲ್ಲಿ, ಅಪರಿಚಿತರ ಕೈಯನ್ನು ನಂಬಿ ಅವರು ಯಾವ ಲೆಕ್ಕವನ್ನೂ ಮಾಡಿದವರಲ್ಲ.

ವಸುಧಾ ಏನೋ ಹೇಳಿದರು. ಗಂಟಲಿನ ಒಳಗಿಂದ ಎಳೆದ ಒಂದು ಉದ್ದನೆಯ ಧ್ವನಿ.

ಪುಟ್ಟಸ್ವಾಮಿ ಬಗ್ಗಿ ಕೇಳಿ, ತಿಳಿಯದೆ ಶೇಷಾದ್ರಿಯವರ ಕಡೆ ತಿರುಗಿದರು. "ಏನಂದ್ರು ಸ್ವಾಮಿ?"

ಬೇರೆ ಏನನ್ನಾದರೂ ಹೇಳಬಹುದಾಗಿತ್ತು. ಇನ್ನೊಂದು ಲೋಟ ಕಾಫಿ ಬೇಕೇ ಎಂದು ಕೇಳುತ್ತಿದ್ದಾಳೆ ಎಂದರೆ ಪುಟ್ಟಸ್ವಾಮಿ ನಂಬುತ್ತಿದ್ದರು. ಆದರೆ ಬಂದ ಅಂಕವನ್ನು ತಿದ್ದಿ ಬರೆಯುವುದು ಶೇಷಾದ್ರಿಗೆ ತಿಳಿಯದ ವಿದ್ಯೆ.

"'ಇವರು ಎಲ್ಲಾ ಕೇಳಿದ್ರು, ಅದೊಂದು ಕೇಳ್ಲಿಲ್ಲ' ಅಂತಿದಾಳೆ."

ಪುಟ್ಟಸ್ವಾಮಿ ಲೋಟವನ್ನು ಕೆಳಗಿಟ್ಟರು. ವಸುಧಾ ಮತ್ತೆ ಬಾಯಿ ತೆರೆದರು. ಈ ಸಲ ಮಾತು ಮುಗಿಯಲು ಬಹಳ ಹೊತ್ತು ಹಿಡಿಯಿತು, ನಡುವೆ ಎರಡು ಬಾರಿ ಉಸಿರು ತುಂಡಾಯಿತು. ಶೇಷಾದ್ರಿ ಅವರ ತುಟಿಯಂಚನ್ನು ಬಟ್ಟೆಯಿಂದ ಒರೆಸಿ, ಕೊನೆಯವರೆಗೂ ಕೇಳಿ, ನೆಟ್ಟಗೆ ಕೂತರು.

"'ಏಪ್ರಿಲ್ ಹೋದ್ರೆ ಹೋಗ್ಲಿ, ಇನ್ನು ಯಾವ ಹಡಗೂ ನೋಡಬೇಡಿ ಅಂತ ಇವರಿಗೆ ಹೇಳಿ ಪುಟ್ಟಸ್ವಾಮಿ' ಅಂತಿದಾಳೆ," ಎಂದರು.