ದೇವರ ಮೇಲೆ ಸಿಟ್ಟಾದ ದಿನ

ನಾನು ಚಿಕ್ಕವನಿದ್ದಾಗ ದೇವರಿಗೆ ಹೆದರುತ್ತಿದ್ದೆ, ಮಳೆಗೆ ಹೆದರುತ್ತಿರಲಿಲ್ಲ. ನೆಲೋಗಿಯಲ್ಲಿ ನಮ್ಮದು ಕಲ್ಲುಮಣ್ಣಿನ ಮನೆ. ಮೇಲೆ ಮರದ ತೊಲೆಗಳು, ಅವುಗಳ ಮೇಲೆ ಮೊಳ ದಪ್ಪದ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ಕೂತರೆ ಹೊಸ ಮಡಕೆಯೊಳಗೆ ಕೂತಷ್ಟು ತಂಪು. ಊರಲ್ಲಿ ಯೇಸುವಿನ ಹೆಸರು ಹೇಳುವ ಮನೆಗಳು ನಾಲ್ಕೈದು ಮಾತ್ರ. ಭಾನುವಾರ ಎಲ್ಲರೂ ನಮ್ಮ ಪಡಸಾಲೆಯಲ್ಲೇ ಸೇರುತ್ತಿದ್ದರು. ಅಪ್ಪ ಬೈಬಲ್ ತೆರೆದು ಕೀರ್ತನೆಗಳನ್ನು ಓದುತ್ತಿದ್ದ. ಹದಿನಾಲ್ಕು ವರ್ಷದ ಅಕ್ಕನಿಗೆ ಅವೆಲ್ಲ ಬಾಯಿಪಾಠ. ಎಂಟು ವರ್ಷದ ನಾನು ಕಣ್ಣು ಮುಚ್ಚಿಕೊಂಡು, ಯಾವಾಗ ಮುಗಿದೀತು ಎಂದು ಕಾಯುತ್ತಿದ್ದೆ.

ಆ ವರ್ಷ ಜಡಿಮಳೆ ಮೂರು ದಿನ ಬಿಡಲಿಲ್ಲ. ಅಪ್ಪ, ಅವ್ವ ಬೆಳಗಿನ ಬಸ್ಸಿಗೆ ಜೇವರ್ಗಿಗೆ ಹೋಗಿದ್ದರು. ಮಧ್ಯಾಹ್ನ ಅಕ್ಕ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ತಲೆಯ ಮೇಲೆ ಯಾರೋ ಹಲ್ಲು ಕಡಿದಂತೆ ಸದ್ದಾಯಿತು. ಅಕ್ಕ ತಲೆಯೆತ್ತಿದವಳೇ ನನ್ನನ್ನು ಮೂಲೆಗೆ ನೂಕಿದಳು. ಪಡಸಾಲೆಯ ಮಾಳಿಗೆ ದಢಾರನೆ ಕುಸಿಯಿತು.

ಕಣ್ಣು ಬಿಟ್ಟರೆ, ಬಾಗಿಲಿದ್ದ ಕಡೆ ಹಸಿಮಣ್ಣಿನ ಗುಡ್ಡೆ. ಒಂದು ತೊಲೆಯ ತುದಿ ಒಳಗೆ ನುಗ್ಗಿ ಅಕ್ಕನ ಎಡಗಾಲನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಹೊಗೆ ಹೋಗಲು ಮೇಲೆ ಅಂಗೈ ಅಗಲದ ಬೆಳಕಿಂಡಿ, ಅಷ್ಟೇ. ಅದರಿಂದ ಮಳೆನೀರು ಒಲೆಗೆ ಬಿದ್ದು ಚುರ್ರೆನ್ನುತ್ತಿತ್ತು. ಗಂಟಲು ಹರಿಯುವ ಹಾಗೆ ಕೂಗಿದೆ. ತೊಲೆ ಎತ್ತಲು ನೋಡಿದೆ, ಅಲುಗಲಿಲ್ಲ. ಕೈಯಿಂದ ಮಣ್ಣು ಬಗೆದೆ. ಬಗೆದಷ್ಟೂ ಮೇಲಿಂದ ಜಾರಿ ಬಂತು.

“ಮುಟ್ಟಬ್ಯಾಡ್ಲೇ, ಇನ್ನೂ ಬೀಳ್ತದ,” ಎಂದಳು ಅಕ್ಕ. “ಇಲ್ಲಿ ಬಾ. ಪ್ರಾರ್ಥನಾ ಮಾಡು.”

ಕೈ ಜೋಡಿಸಿದೆ. ನನಗೆ ಬರುತ್ತಿದ್ದದ್ದು ಒಂದೇ ಪ್ರಾರ್ಥನೆ, ಊಟದ್ದು. ‘ಈ ಅನ್ನಕ್ಕಾಗಿ ನಿನಗೆ ಸ್ತೋತ್ರ’ ಎಂದು ಶುರು ಮಾಡಿದೆ. ಅಷ್ಟು ನೋವಿನಲ್ಲೂ ಅಕ್ಕನಿಗೆ ನಗು ಬಂತು. ನನಗೆ ಅಳು ಬಂತು.

“ನನಗ ದೇವ್ರ ಮ್ಯಾಲ ಸಿಟ್ಟು ಬಂದದ, ಅಕ್ಕಾ. ಭಾನುವಾರ ನಮ್ಮ ಮನಿಗೇ ಬರ್ತಾನ, ನಮ್ಮ ಮನೀನೇ ಕೆಡವ್ಯಾನ!”

ಮಾತು ಬಾಯಿಂದ ಬಿದ್ದ ಮೇಲೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡೆ. ಇದಕ್ಕೆ ಉಳಿದ ಮಾಳಿಗೆಯೂ ನಮ್ಮ ತಲೆಯ ಮೇಲೆ ಬೀಳುತ್ತದೆ ಎಂದುಕೊಂಡೆ.

ಅಕ್ಕ ಬೈಯಲಿಲ್ಲ. “ಹಂಗಂತ ಅವಗೇ ಹೇಳು. ಕೀರ್ತನಿ ಬರೆದಾಂವ ಹೇಳಿಲ್ಲೇನು? ನನ್ನ ಮರತೇ ಬಿಟ್ಟಿಯೇನು, ಎಷ್ಟು ದಿನಾ ಹಿಂಗ ಮಾರಿ ಮುಚ್ಕೊಂಡು ಕುಂದರ್ತಿ ಅಂತ ದೇವ್ರ ಸಂಗಾಟ ಜಗಳಾನೇ ತೆಗದಾನ. ಅಪ್ಪ ಓದೂ ಮುಂದ ನೀ ನಿದ್ದಿ ಹೊಡದಿ.”

ಅವಳು ಒಂದೊಂದೇ ಸಾಲು ಹೇಳಿದಳು, ನಾನು ಹಿಂದೆ ಹೇಳಿದೆ. ಆಮೇಲೆ ನನ್ನವೇ ಮಾತುಗಳು ಬಂದವು. “ದೇವ್ರೇ, ಎಲ್ಲಿದ್ದಿ? ಅಕ್ಕನ ಕಾಲು ಭಾಳ ನೋಯಾಕತ್ತದ. ಲಗೂನ ಬಾ. ನನಗ ಅಂಜಿಕಿ ಆಗ್ಯಾದ.”

ಮಳೆ ನಿಲ್ಲಲಿಲ್ಲ, ತೊಲೆ ಸರಿಯಲಿಲ್ಲ. ಆದರೆ ಎದೆಯ ಬಡಿತ ಇಳಿಯಿತು. ಆ ಇಕ್ಕಟ್ಟಿನಲ್ಲಿ ನಮ್ಮ ಮಾತು ಕೇಳುತ್ತ ಇನ್ನೊಬ್ಬರು ಕೂತಿದ್ದಾರೆ ಅನ್ನಿಸಿತು. ಆಗ ಹೊಳೆಯಿತು: ಒಲೆಯ ಹಿಂದಿನ ಗೋಡೆ ಬಾಜು ಮನೆಯ ಕಾಕಾನದೂ ಹೌದು! ಒಂದು ಸಾಲು ಹೇಳುವುದು, ರುಬ್ಬುವ ಗುಂಡಿನಿಂದ ಗೋಡೆಗೆ ಮೂರು ಸಲ ಬಡಿಯುವುದು. ಮತ್ತೊಂದು ಸಾಲು, ಮತ್ತೆ ಮೂರು. ಅಕ್ಕನ ದನಿ ಸಣ್ಣಗಾಗುತ್ತ ಬಂತು. ಎಷ್ಟೋ ಹೊತ್ತಿನ ಮೇಲೆ ಆಚೆಯಿಂದಲೂ ಮೂರು ಬಡಿತ ಕೇಳಿಸಿತು.

“ಯಾರದೀರ್ಲೇ ಒಳಗ?”

“ನಾವ್ರೀ ಕಾಕಾ! ಅಕ್ಕನ ಕಾಲು ಸಿಕ್ಕದರಿ!”

ಕಾಕಾ, ಅವರ ಹೆಂಡತಿ ಕಾಕು ಇಬ್ಬರೂ ಅಂದೋಲಾದ ಮಠಕ್ಕೆ ಹೋಗಿ ಆಗಷ್ಟೇ ಬಂದಿದ್ದರು. ಕಾಕಾ ಹಾರೆ ಎತ್ತಿಕೊಂಡರು. ಕಾಕು ತಡೆದದ್ದು ನಮಗೂ ಕೇಳಿಸಿತು. “ನಮ್ಮ ದೇವ್ರನ್ನ ಇಟ್ಟ ಮಾಡ ಆ ಗ್ವಾಡ್ಯಾಗೇ ಅದಲ್ರೀ?”

“ದೇವ್ರು ಸರಕೊಂತಾನ. ಹುಡುಗರಿಗಿ ಸರಕೊಳ್ಳಾಕ ಬರಂಗಿಲ್ಲ.”

ಹಾರೆಯ ತುದಿ ಈಚೆ ಬಂದಾಗ ಅದರ ಹಿಂದೆಯೇ ಬೆಳಕೂ ಬಂತು. ಕಾಕಾ, ಅವರ ಇಬ್ಬರು ತಮ್ಮಂದಿರು ಸೇರಿ ತೊಲೆ ಎತ್ತಿದರು. ಮಳೆಗೆ ಬಸ್ಸು ನಿಂತು, ನಡೆದೇ ಊರು ಮುಟ್ಟಿದ ಅಪ್ಪ, ಅವ್ವ ಬಂದಾಗ ಅಕ್ಕ ಕಾಕುವಿನ ತೊಡೆಯ ಮೇಲೆ ಮಲಗಿದ್ದಳು. ಅವಳ ಕಾಲು ಕೂಡಿತು, ನೆಟ್ಟಗಾಗಲಿಲ್ಲ. ಈಗಲೂ ಕುಂಟುತ್ತಾಳೆ. ಮುಂದಿನ ಭಾನುವಾರ ಕಾಕಾನ ಕಟ್ಟೆಯ ಮೇಲೆ ಅಪ್ಪ ಅದೇ ಕೀರ್ತನೆ ಓದಲು ಹೋಗಿ ಅರ್ಧಕ್ಕೇ ನಿಂತ. ಉಳಿದದ್ದನ್ನು ಅಕ್ಕ ಹೇಳಿದಳು. ನಾನು ಕಣ್ಣು ಮುಚ್ಚಲಿಲ್ಲ.

ಮಕ್ಕಳೇ, ನಿಮ್ಮದು ಕಾಂಕ್ರೀಟಿನ ಮನೆ. ಮಳೆ ಬಂದದ್ದೇ ನಿಮಗೆ ಗೊತ್ತಾಗುವುದಿಲ್ಲ. ಕೀರ್ತನೆಗಳನ್ನು ಫೋನಿನಲ್ಲಿ ಕೇಳುತ್ತೀರಿ. ಹಿಂದೆ ಕೊಳಲು, ಮುಂದೆ ಇಂಪಾದ ದನಿ. ಅದರೊಳಗೆ ಒಬ್ಬ ಮನುಷ್ಯ ಅಳುತ್ತಿದ್ದಾನೆ ಎಂದು ತಿಳಿಯುವುದೇ ಇಲ್ಲ. ಆದರೆ ಹೊರಗೆ ದಾರಿ ಕಾಣದ ದಿನ ನಿಮಗೂ ಬರುತ್ತದೆ. ಮೊನ್ನೆ ಮೊಮ್ಮಗಳು ಶಾಲೆಯಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿದಳು. ಜೀವದ ಗೆಳತಿ ಮಾತು ಬಿಟ್ಟಿದ್ದಳಂತೆ. “ಇವತ್ತ ಪ್ರಾರ್ಥನಾ ಬ್ಯಾಡ ಅಜ್ಜಾ, ಮನಸ್ಸಿನ್ಯಾಗ ಛಲೋ ಮಾತೇ ಇಲ್ಲ,” ಎಂದಳು. ನಾನು ಅಕ್ಕ ಹೇಳಿಕೊಟ್ಟಿದ್ದ ಅದೇ ಹದಿಮೂರನೆಯ ಕೀರ್ತನೆ ತೆರೆದು ಅವಳ ಮುಂದಿಟ್ಟೆ. ಎರಡು ಸಾಲು ಓದಿ ಎದ್ದು ಕೂತಳು.

“ಅಜ್ಜಾ, ದೇವ್ರಿಗಿ ಹಿಂಗೂ ಕೇಳಬಹುದೇನು?”

“ಕೇಳವ್ವಾ,” ಎಂದೆ. “ಗಟ್ಟಿಯಾಗೇ ಕೇಳು.”