ಕಾಣದ ಊರಲ್ಲಿ ಮನೆ ಹುಡುಕುವ ಸುಮತಿ

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹನ್ನೊಂದನೇ ಮಹಡಿಯ ಅಡುಗೆಮನೆಯಲ್ಲಿ, ಕಾಫಿ ಲೋಟವನ್ನು ಬಲಗೈ ಬದಿಗಿಟ್ಟುಕೊಂಡು, ಸುಮತಿ ಫ್ರಾನ್ಸಿನ ಲಿಯೋನ್ ನಗರದ ಬೀದಿಯೊಂದರಲ್ಲಿ ನಡೆಯುತ್ತಿದ್ದಾರೆ. ನಡೆಯುವುದೆಲ್ಲ ತೋರುಬೆರಳಲ್ಲಿ. ಲ್ಯಾಪ್‌ಟಾಪಿನ ಬಾಣದ ಗುಂಡಿಯನ್ನು ಒಮ್ಮೆ ಒತ್ತಿದರೆ ಪರದೆಯ ಮೇಲಿನ ಬೀದಿ ಹದಿನೈದು ಹೆಜ್ಜೆಯಷ್ಟು ಮುಂದೆ ಸರಿಯುತ್ತದೆ. ಲಿಯೋನಿನಲ್ಲಿ ಈ ಹೊತ್ತಿಗೆ ನಡುರಾತ್ರಿ. ಆದರೆ ಚಿತ್ರದ ಬೀದಿಯಲ್ಲಿ ಎಂದಿನಂತೆ ಮಟಮಟ ಮಧ್ಯಾಹ್ನ. ಗೋಡೆಗೆ ಸೈಕಲ್ ಒರಗಿಸುತ್ತಿರುವ ಮನುಷ್ಯನೊಬ್ಬ ಮೂರು ವಾರದಿಂದ ಒಂಟಿ ಕಾಲಿನ ಮೇಲೆ ನಿಂತಿದ್ದಾನೆ.

"ಔಷಧಿ ಅಂಗಡಿಯಿಂದ ಟ್ರಾಮಿಗೆ ಹದಿನೆಂಟು ಒತ್ತು. ಅಲ್ಲಿಂದ ಮನೆಗೆ ಏಳು," ಎಂದು ಎಣಿಸಿ ನೋಟ್‌ಬುಕ್ಕಿಗೆ ಬರೆಯುತ್ತಾರೆ. ಬರೆದದ್ದನ್ನು ಹೊಡೆದುಹಾಕುತ್ತಾರೆ. ಮತ್ತೆ ಬರೆಯುತ್ತಾರೆ. "ಇವತ್ತು ಹನ್ನೆರಡು ಗಂಟೆಯೊಳಗೆ ರಿಪೋರ್ಟ್ ಹೋಗ್ಬೇಕು. ನನಗೆ ತಲೆಬುಡ ಗೊತ್ತಾಗ್ತಾ ಇಲ್ಲ ಮಾರಾಯ್ರೆ. ಹನ್ನೊಂದು ವರ್ಷದಲ್ಲಿ ಇಷ್ಟು ಗಲಿಬಿಲಿ ಆದದ್ದೇ ಇಲ್ಲ."

ಸುಮತಿಯದು ಹೆಸರಿಲ್ಲದ ಕಸುಬು. ಕಂಪನಿಗಳು ತಮ್ಮ ನೌಕರರನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ವರ್ಗ ಮಾಡಿದಾಗ, ಹೋಗುವ ಸಂಸಾರ ಆ ಊರಿನ ಯಾವ ಬಡಾವಣೆಯಲ್ಲಿ ಮನೆ ಹಿಡಿದರೆ ಒಳ್ಳೆಯದು ಎಂದು ಮೊದಲೇ ಹುಡುಕಿ ಹೇಳುವ ಕೆಲಸ. ಸೈಬರ್‌ಜಯಾದ ಕಚೇರಿಯೊಂದರ ಮೂರನೇ ಮಹಡಿಯಲ್ಲಿ ಅವರ ಮೇಜು. ವಾರಕ್ಕೆ ಮೂರು ದಿನ ಕಾರು ಹತ್ತಿ, ಹೆದ್ದಾರಿ ಹಿಡಿದು ಅಲ್ಲಿಗೆ ಹೋಗುತ್ತಾರೆ. ಉಳಿದ ದಿನ ಅಡುಗೆಮನೆಯೇ ಕಚೇರಿ. ಅವರ ಪಾಲಿಗೆ ಬಂದದ್ದು ಫ್ರಾನ್ಸಿನ ಒಂಬತ್ತು ಊರುಗಳು. ಈವರೆಗೆ ನಾನೂರ ಹನ್ನೆರಡು ಸಂಸಾರಗಳಿಗೆ ನೆಲೆ ತೋರಿಸಿದ್ದಾರೆ. ಸ್ವತಃ ಫ್ರಾನ್ಸಿಗೆ ಒಂದು ಸಲವೂ ಹೋಗಿಲ್ಲ. ವರದಿ ಹೋಗುವುದು ಅವರ ಸಂಸ್ಥೆಯ ಪ್ಯಾರಿಸ್ ಕಚೇರಿಯ ಹೆಸರಿನಲ್ಲಿ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಭೂತಗನ್ನಡಿ ಹಿಡಿದು ಹುಡುಕಿದರೂ ಸುಮತಿಯ ಹೆಸರು ಸಿಗುವುದಿಲ್ಲ.

ಕಾಲೇಜಿಗೆ ಹೊರಟ ಮಗಳು ಅಕ್ಷಯಾ ಹಿಂದಿನಿಂದ ಬಂದು ಪರದೆ ಇಣುಕುತ್ತಾಳೆ. ಅಮ್ಮನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ. "ಅಮ್ಮಾ, ಯು ನೋ ಎವ್ರಿ ಡಸ್ಟ್‌ಬಿನ್ ಇನ್ ಲಿಯೋನ್. ಬಟ್ ಯು ಗೆಟ್ ಲಾಸ್ಟ್ ಇನ್ ದ ಮಾಲ್ ಕಾರ್‌ಪಾರ್ಕ್ ಲಾ!" ಮಾತು ಸುಳ್ಳಲ್ಲ. ಸುಮತಿ ನಗುತ್ತಾರೆ, ಬೆರಳು ಮಾತ್ರ ಗುಂಡಿ ಬಿಡುವುದಿಲ್ಲ.

ಬ್ರಹ್ಮಾವರದ ಸುಮತಿ ಹತ್ತೊಂಬತ್ತು ವರ್ಷದ ಹಿಂದೆ ಮಲೇಷ್ಯಾಕ್ಕೆ ಬಂದವರು. ಗಂಡ ರತ್ನಾಕರ ಮಣಿಪಾಲದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದವರು, ಇಲ್ಲಿನ ವೈದ್ಯಕೀಯ ಕಾಲೇಜಿಗೆ ಸೇರಿದರು. ಬರುವ ಮೊದಲೇ ಯಾರೋ ಅವರಿಗೊಂದು ಮನೆ ಗೊತ್ತು ಮಾಡಿದ್ದರು. "ಮೂರು ಬೆಡ್‌ರೂಮು, ಎರಡು ಕಾರು ನಿಲ್ಲಿಸುವ ಜಾಗ. ನಮಗೆ ಒಂದು ಕಾರೂ ಇರ್ಲಿಲ್ಲ. ಫುಟ್‌ಪಾತೂ ಇಲ್ಲ. ಏಳು ತಿಂಗಳು ನಾನು ಗೇಟಿನ ಆಚೆ ಒಬ್ಬಳೇ ಹೋದವಳಲ್ಲ," ಎನ್ನುತ್ತಾರೆ. "ಹುಡುಕಿದವರು ಒಳ್ಳೆ ಮನೆಯನ್ನೇ ಹುಡುಕಿದ್ರು. ಇಡೀ ದಿನ ಅದರೊಳಗೆ ಇರುವುದು ಯಾರು ಅಂತ ಕೇಳ್ಲಿಲ್ಲ, ಅಷ್ಟೆ."

ಆ ಏಳು ತಿಂಗಳು ಅವರಿಗೆ ಒಂದು ಅಳತೆಯನ್ನು ಕಲಿಸಿತು. ಒಲೆಯ ಮೇಲೆ ಸಾರು ಇಟ್ಟು, ಉರಿ ಸಣ್ಣ ಮಾಡಿ, ನಡೆದುಹೋಗಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಂದು, ಸಾರು ಉಕ್ಕುವ ಮೊದಲು ವಾಪಸು ಮುಟ್ಟುವಂತಿದ್ದರೆ ಅದು ಮನುಷ್ಯರು ವಾಸಿಸುವ ಬಡಾವಣೆ. ಬಾಡಿಗೆ, ಶಾಲೆ, ರೈಲು ಎಲ್ಲ ಆಮೇಲೆ. ಫ್ರಾನ್ಸಿನಲ್ಲಿ ಕೊತ್ತಂಬರಿ ಎಲ್ಲಿ ಸಿಗುತ್ತದೋ ಬಿಡುತ್ತದೋ, ಸುಮತಿಯ ನೋಟ್‌ಬುಕ್ಕಿನಲ್ಲಿ ಆ ಕಾಲಂ ಮಾತ್ರ ಖಾಲಿ ಉಳಿಯುವುದಿಲ್ಲ.

ಅಳತೆ ಒಮ್ಮೆ ಕೈಕೊಟ್ಟಿದೆ. ಆರು ವರ್ಷದ ಹಿಂದೆ ಮೈಸೂರಿನ ಸಮೀಕ್ಷಾ ಎಂಬ ಹುಡುಗಿ, ಹೊಸದಾಗಿ ಮದುವೆಯಾದವಳು, ಗಂಡನ ಜೊತೆ ಉತ್ತರದ ಲಿಲ್ ನಗರಕ್ಕೆ ಹೊರಟಿದ್ದಳು. ಊರ ನಡುವಿನ ಬಡಾವಣೆಯೊಂದು ಸುಮತಿಯ ಕಣ್ಣಿಗೆ ಬಿದ್ದಿತ್ತು. ಆದರೆ ಚಿತ್ರದಲ್ಲಿ ಅಲ್ಲಿನ ಅಂಗಡಿಗಳ ಶಟರೆಲ್ಲ ಕೆಳಗೆ. 'ಸತ್ತ ಬೀದಿ' ಎಂದು ಬರೆದು, ಊರಾಚೆಯ ದೊಡ್ಡ ಮಾಲ್ ಪಕ್ಕದ ಮನೆಯನ್ನು ಸೂಚಿಸಿದರು. ಮಾಲ್ ಇತ್ತು, ಮಾತಾಡುವವರಿರಲಿಲ್ಲ. ಎಂಟೇ ತಿಂಗಳಲ್ಲಿ ಸಮೀಕ್ಷಾ ಒಬ್ಬಳೇ ಮೈಸೂರಿಗೆ ಹಿಂತಿರುಗಿದಳು. "ಯಾರೂ ನನ್ನನ್ನು ಬೈಯ್ಲಿಲ್ಲ. ನನ್ನ ಹೆಸರೇ ಗೊತ್ತಿಲ್ಲ, ಬೈಯ್ಯುದು ಯಾರನ್ನು?" ಎಂದು ಕೇಳುವಾಗ ಸುಮತಿಯ ದನಿ ಇಳಿಯುತ್ತದೆ. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ಅವರಿಗೆ ಇವತ್ತಿಗೂ ಅನಿಸುತ್ತದೆ.

ಇವತ್ತಿನ ಗಲಿಬಿಲಿಯ ಹೆಸರು ನೀಲವ್ವ. ವಯಸ್ಸು ಎಪ್ಪತ್ತೊಂದು, ಬಲ ಮಂಡಿ ನೋವು. ಸೈಬರ್‌ಜಯಾದಲ್ಲಿ ಎಂಜಿನಿಯರ್ ಆಗಿರುವ ಮಗ ದೇವೇಂದ್ರನಿಗೆ ಲಿಯೋನಿಗೆ ವರ್ಗವಾಗಿದೆ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಏಳಕ್ಕೆ ಮನೆ. ನಡುವಿನ ಹನ್ನೊಂದು ಗಂಟೆ ನೀಲವ್ವ ಒಬ್ಬರೇ. ಅವರು ಹಾಕಿದ ಷರತ್ತು ಒಂದೇ: "ನಾ ಒಬ್ಬಾಕಿನ ಹೊರಗ ಹೋಗಿ ಬರಂಗಿರಬೇಕು. ಇಲ್ಲಂದ್ರ ನಾ ಬರೂದಿಲ್ಲ."

ಸುಮತಿ ಮೂರು ಬಡಾವಣೆ ಆರಿಸಿದ್ದಾರೆ. ಫ್ರೆಂಚ್ ಹೆಸರುಗಳು ನಾಲಿಗೆಗೆ ಹತ್ತದ್ದರಿಂದ ಅವರೇ ಹೆಸರಿಟ್ಟಿದ್ದಾರೆ. ಮೆಟ್ಟಿಲು ಬೀದಿ ಗುಡ್ಡದ ಮೇಲಿದೆ, ಅಂಗಡಿಗಳು ಗಿಜಿಗುಟ್ಟುತ್ತವೆ, ಆದರೆ ನಲವತ್ತಾರು ಮೆಟ್ಟಿಲು, ಮಂಡಿ ಕೇಳುವುದಿಲ್ಲ. ಗಾಜಿನ ಬೀದಿ ದೇವೇಂದ್ರನ ಆಫೀಸಿನ ಪಕ್ಕ, ಲಿಫ್ಟ್ ಇದೆ, ಆದರೆ ಸುತ್ತ ಬರೀ ಕಚೇರಿಗಳು; ಕೊತ್ತಂಬರಿಗೆ ಅರವತ್ತು ಒತ್ತು. ಮೂರನೆಯದು ಬೀಗದ ಬೀದಿ. ಸಮತಟ್ಟು ನೆಲ, ಮರದ ನೆರಳು, ಕೂರಲು ಕಲ್ಲುಬೆಂಚು. ಆದರೆ ಸಾಲಾಗಿ ಹನ್ನೆರಡು ಅಂಗಡಿ, ಹನ್ನೆರಡಕ್ಕೂ ಶಟರು. ಅದನ್ನು ಮೊದಲ ದಿನವೇ ಹೊಡೆದುಹಾಕಿದ್ದಾರೆ. ಸುಮತಿಯ ಫ್ಲಾಟಿನ ಕೆಳಗಿನ, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲು ವರ್ಷವಿಡೀ, ಇಪ್ಪತ್ತನಾಲ್ಕು ಗಂಟೆ ರೊಟ್ಟಿ ಬಡಿಯುತ್ತಲೇ ಇರುತ್ತದೆ. ಹಗಲು ಹೊತ್ತು ಶಟರ್ ಇಳಿದಿದೆ ಎಂದರೆ ಇಲ್ಲಿ ಅದಕ್ಕೆ ಒಂದೇ ಅರ್ಥ, ವ್ಯಾಪಾರ ಮುಳುಗಿದೆ.

ಏಳೂವರೆಗೆ ಕಾಲಿಂಗ್ ಬೆಲ್. ಆಫೀಸಿಗೆ ಹೋಗುವ ದಾರಿಯಲ್ಲಿ ದೇವೇಂದ್ರ ತಾಯಿಯನ್ನು ಬಿಟ್ಟುಹೋಗಿದ್ದಾರೆ. ಮನೆಯಲ್ಲಿ ಇರುವವರೇ ಬಂದು ನೋಡಲಿ ಎಂದು ಸುಮತಿಯೇ ಹೇಳಿಕಳಿಸಿದ್ದರು. ಇಷ್ಟು ವರ್ಷದಲ್ಲಿ ಹೀಗೆ ಕರೆದದ್ದು ಇದೇ ಮೊದಲು. ನೀಲವ್ವ ಇಡ್ಲಿ ತಿಂದು, ಸೆರಗಿಗೆ ಕೈ ಒರೆಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಾರೆ. ಮೆಟ್ಟಿಲು ನೋಡಿ ನಗುತ್ತಾರೆ. ಗಾಜು ನೋಡಿ ಬೇಡವೆಂದು ಕೈಯಾಡಿಸುತ್ತಾರೆ.

"ಇನ್ನೊಂದ ಅಂದಿದ್ದೆಲ್ಲವಾ, ಮೂರನೇದು?"

"ಅದು ಬೇಡ ಅಮ್ಮ. ಎಲ್ಲ ಬಂದ್ ಆಗಿದೆ, ಸತ್ತ ಬೀದಿ."

"ಸತ್ತಿದ್ದರ ನೋಡೂಣು. ತೋರ್ಸು."

ನೀಲವ್ವ ಗದಗ-ಬೆಟಗೇರಿಯಲ್ಲಿ ಮೂವತ್ತೊಂದು ವರ್ಷ ಗುಂಡಿ, ದಾರ, ಲೇಸು ಮಾರಿದವರು. ಫ್ರೆಂಚ್ ಬರುವುದಿಲ್ಲ, ಅಂಗಡಿ ಗೊತ್ತು. ಬೆರಳಿಟ್ಟು ಕೇಳುತ್ತಾರೆ: "ಬಾಗಲಿಗೆ ಇದೇನ ಬಿಳೇ ಕಾಗದ? ಇದಕ್ಕೂ ಐತಿ. ಆಚೀದಕ್ಕೂ ಐತಿ."

"ಎಂತದೋ ನೋಟಿಸು."

"ಸತ್ತ ಅಂಗಡಿಗೆ ಯಾರವಾ ಚೀಟಿ ಹಚ್ತಾರ? ನಮ್ಮ ಮನಿಯವ್ರು ತೀರಿಕೊಂಡಾಗ ಹದಿಮೂರು ದಿನ ಅಂಗಡಿ ಮುಚ್ಚಿದ್ದೆ. ಅವಾಗ ಚೀಟಿ ಹಚ್ಚಿದ್ದೆ, ಇಂಥಾ ದಿನ ತಗೀತೇನಿ ಅಂತ. ಪೂರಾ ಮುಚ್ಚಿದ ದಿನ ಏನೂ ಹಚ್ಚಲಿಲ್ಲ. ಕೀಲಿ ಹಾಕಿ ಬಂದೆ, ಅಷ್ಟ."

ಸುಮತಿ ಚಿತ್ರ ದೊಡ್ಡದು ಮಾಡುತ್ತಾರೆ. ಅಕ್ಷರಗಳು ಕಲಸಿಹೋಗಿವೆ, ಆದರೆ ಎರಡು ಅಂಕೆಗಳ ಪಕ್ಕದಲ್ಲಿ ಒಂದು ಪುಟ್ಟ ಪದ ಕಾಣುತ್ತದೆ. ಬಾಡಿಗೆ ಕರಾರುಗಳನ್ನು ನೋಡಿ ನೋಡಿ ಫ್ರೆಂಚ್ ತಿಂಗಳುಗಳು ಅವರಿಗೆ ಬಾಯಿಪಾಠ. ಅದು ಆಗಸ್ಟ್. ಚಿತ್ರದ ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಚಿತ್ರ ತೆಗೆದ ತಿಂಗಳೂ ಇದೆ. ಅದೂ ಆಗಸ್ಟ್. ಮೆಟ್ಟಿಲು ಬೀದಿಯ ಚಿತ್ರ ಮೇ ತಿಂಗಳದು, ಗಾಜಿನದು ಅಕ್ಟೋಬರಿನದು. ಪ್ರತಿ ಆಗಸ್ಟಿನಲ್ಲೂ ಪ್ಯಾರಿಸ್ ಕಚೇರಿಗೆ ಏನು ಬರೆದರೂ 'ರಜೆಯಲ್ಲಿದ್ದೇನೆ' ಎಂಬ ಒಂದೇ ಉತ್ತರ ಬರುತ್ತಿತ್ತು. ಸೋಮಾರಿಗಳು ಎಂದು ಸೈಬರ್‌ಜಯಾದಲ್ಲಿ ಎಲ್ಲರೂ ನಗುತ್ತಿದ್ದರು, ಸುಮತಿಯೂ ನಕ್ಕಿದ್ದರು. ಕಚೇರಿಯವರಿಗಿರುವ ರಜೆ ಅಂಗಡಿಯವರಿಗೂ ಇರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

"ಹನ್ನೊಂದು ವರ್ಷ ಬೀದಿ ನೋಡಿದೆ. ತಿಂಗಳು ನೋಡ್ಲಿಲ್ಲ," ಎಂದು ತಲೆಗೆ ಕೈ ಹೊತ್ತು ಕೂರುತ್ತಾರೆ. ಹಳೆಯ ನೋಟ್‌ಬುಕ್ಕುಗಳನ್ನು ತೆಗೆದು ಹುಡುಕಿದರೆ 'ಸತ್ತ ಬೀದಿ' ಎಂದು ಮೂವತ್ತೇಳು ಕಡೆ ಬರೆದಿದ್ದಾರೆ. ಯಾವುದರ ಮುಂದೆಯೂ ತಿಂಗಳಿಲ್ಲ. ಸಮೀಕ್ಷಾಳಿಗೆ ಬೇಡವೆಂದಿದ್ದ ಲಿಲ್ ಬೀದಿಯನ್ನು ತೆರೆಯುತ್ತಾರೆ. ಅಲ್ಲಿಗೆ ಹೊಸ ಚಿತ್ರ ಬಂದುಬಿಟ್ಟಿದೆ. ಅರ್ಧ ಅಂಗಡಿ ತೆರೆದಿವೆ, ಅರ್ಧ ಮುಚ್ಚಿವೆ. ಅದರಿಂದ ಏನು ತಿಳಿದುಕೊಳ್ಳಬೇಕೋ ಅವರಿಗೆ ಗೊತ್ತಾಗುವುದಿಲ್ಲ. ಪ್ಯಾರಿಸಿನವರನ್ನು ಕೇಳೋಣವೆಂದರೆ ಅಲ್ಲಿ ಎಲ್ಲರೂ ಗಾಢ ನಿದ್ದೆಯಲ್ಲಿದ್ದಾರೆ.

ಹತ್ತು ಗಂಟೆಗೆ ತಂಡದ ಮುಖ್ಯಸ್ಥ ಸುಪ್ರೀತ್ ಫೋನ್ ಮಾಡುತ್ತಾರೆ. ಬೆಂಗಳೂರಿನವರು, ವಯಸ್ಸಿನಲ್ಲಿ ಚಿಕ್ಕವರು, ಕೆಟ್ಟವರಲ್ಲ. ಸುಮತಿ ಚೀಟಿಯ ವಿಷಯ ಹೇಳುತ್ತಾರೆ. "ಮೇಡಂ, ಸೇಫಾಗಿ ಗ್ಲಾಸ್ ಬಿಲ್ಡಿಂಗ್ ಏರಿಯಾನೇ ಕೊಟ್ಬಿಡಿ. ಆಫೀಸ್ ಹತ್ರ ಇದೆ, ಲಿಫ್ಟ್ ಇದೆ, ಯಾರೂ ಕ್ವೆಶ್ಚನ್ ಮಾಡಲ್ಲ. ಒಂದ್ ಚೀಟಿ ನಂಬ್ಕೊಂಡು ಯಾರಾದ್ರೂ ಫ್ಯಾಮಿಲಿನ ಕಳಿಸ್ತಾರಾ?" ಪ್ರಶ್ನೆ ನ್ಯಾಯವಾದದ್ದೇ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವರು ಬೀಗದ ಬೀದಿಯ ಹೆಸರನ್ನೇ ಕಳಿಸುತ್ತಾರೆ. ಚಿತ್ರದಲ್ಲಿ ಕಂಡದ್ದನ್ನೂ ತಮಗೆ ಖಾತ್ರಿಯಿಲ್ಲದ್ದನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. "ಗಾಜಿನ ಬೀದಿಯಲ್ಲಿ ಅವರು ಒಬ್ಬರೇ ಆಗ್ತಾರೆ ಅಂತ ಗೊತ್ತುಂಟು. ಇಲ್ಲಿ ಎಂತ ಆಗ್ತದೆ ಅಂತ ಗೊತ್ತಿಲ್ಲ. ಗೊತ್ತಿಲ್ಲದ್ದೇ ವಾಸಿ ಅಂತ ಕಂಡಿತು. ಸರಿಯೋ ತಪ್ಪೋ, ದೇವರಿಗೇ ಗೊತ್ತು."

ಚೀಟಿಯ ಕಥೆ ತಾಯಿಯಿಂದ ಕೇಳಿದ್ದ ದೇವೇಂದ್ರ ಮರುಮಾತಿಲ್ಲದೆ ಒಪ್ಪುತ್ತಾರೆ. ಸಂಸಾರ ಲಿಯೋನ್ ಮುಟ್ಟುವುದು ಆಗಸ್ಟ್ ಎರಡಕ್ಕೆ. ಎರಡೇ ದಿನದಲ್ಲಿ ದೇವೇಂದ್ರ ಅವರಿಂದ ಸುಪ್ರೀತ್‌ಗೆ ದೂರು: ಹನ್ನೆರಡು ಅಂಗಡಿಯೂ ಮುಚ್ಚಿವೆ, ಹಾಲಿಗೂ ಟ್ರಾಮ್ ಹತ್ತಬೇಕು, ಅಮ್ಮ ಮನೆಯೊಳಗೇ ಇದ್ದಾರೆ. ಸುಪ್ರೀತ್ ಒಂದಕ್ಷರ ಸೇರಿಸದೆ ಅದನ್ನು ಸುಮತಿಗೆ ದಾಟಿಸುತ್ತಾರೆ. ಆಗಸ್ಟಿನಲ್ಲಿ ಮುಚ್ಚಿರಬಹುದು ಎಂದು ಮೊದಲೇ ಬರೆದದ್ದು ಸುಮತಿಯೇ. ಆದರೂ ಆ ದೂರನ್ನು ಮತ್ತೆ ಮತ್ತೆ ತೆರೆದು ಓದುತ್ತಾರೆ. ನಾಲ್ಕನೇ ದಿನ, ಮಗನ ಜೊತೆ ಬೀದಿ ನೋಡಿ ಬಂದ ನೀಲವ್ವನೇ ಫೋನ್ ಮಾಡಿ, ಹನ್ನೊಂದು ಬಾಗಿಲಿಗೆ ಚೀಟಿ ಇದೆ, ಒಂದಕ್ಕೆ ಇಲ್ಲ ಎನ್ನುತ್ತಾರೆ. ಬೇಕರಿಯ ಚೀಟಿಯಲ್ಲಿ ಇಪ್ಪತ್ತೆಂಟು ಎಂದಿದೆ. ಇಪ್ಪತ್ತೆಂಟಕ್ಕೆ ತೆರೆಯುತ್ತಾರೋ ಅಥವಾ ಚೀಟಿ ಹೋದ ವರ್ಷದ್ದೋ ಎಂದು ಸುಮತಿಗೆ ಹೊಸ ಅನುಮಾನ. ದಿನಾ ಮುಂಜಾನೆ ಎದ್ದು ಪರದೆಯ ಮೇಲೆ ಆ ಬೀದಿಗೆ ಹೋಗುತ್ತಾರೆ. ಹೋಗುವ ದಾರಿಯಲ್ಲಿ ಆ ಸೈಕಲ್ ಮನುಷ್ಯ ಇನ್ನೂ ಹಾಗೇ ನಿಂತಿದ್ದಾನೆ, ಅವನನ್ನು ಕೇಳುವಂತಿಲ್ಲ.

ನಿಮಗೊಂದು ಸಲ ಫ್ರಾನ್ಸ್ ನೋಡುವ ಆಸೆ ಇಲ್ಲವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಪ್ಯಾರಿಸ್ ಎಲ್ಲ ಬೇಡ ಮಾರಾಯ್ರೆ. ನಾನು ನಡೆದ ಬೀದಿಗಳಲ್ಲಿ ಒಂದೇ ಒಂದು ಅಂಗಡಿ ಬಾಗಿಲು ತೆಗೆಯುವ ಶಬ್ದ ಕೇಳ್ಬೇಕು ಅಂತ ಉಂಟು. ಚಿತ್ರದಲ್ಲಿ ಶಬ್ದವೇ ಇರುದಿಲ್ಲ ಅಲ್ವಾ?"

ಆಗಸ್ಟ್ ಇಪ್ಪತ್ತೆಂಟು, ಮಧ್ಯಾಹ್ನ ಒಂದು ಗಂಟೆ. ಸೈಬರ್‌ಜಯಾದ ಕಚೇರಿಯ ಊಟದ ಕೋಣೆಯಲ್ಲಿ ಸುಮತಿ ಹೋಟೆಲಿನಿಂದ ತಪಾವ್ ಕಟ್ಟಿಸಿ ತಂದ ಅನ್ನದ ಪೊಟ್ಟಣ ಬಿಚ್ಚುತ್ತಿದ್ದಾರೆ. ಲಿಯೋನಿನಲ್ಲಿ ಈಗಷ್ಟೇ ಬೆಳಕು ಹರಿಯುವ ಹೊತ್ತು. ಫೋನ್ ರಿಂಗಾಗುತ್ತದೆ.

"ಸುಮತಿ, ಮಾತಾಡಬ್ಯಾಡವಾ. ಕೇಳು," ಎನ್ನುತ್ತಾರೆ ನೀಲವ್ವ.

ಸ್ವಲ್ಪ ಹೊತ್ತು ಗಾಳಿಯ ಸದ್ದು. ಯಾರೋ ಕೆಮ್ಮುತ್ತಾರೆ. ಬೀಗದ ಕೈ ತಿರುಗುತ್ತದೆ. ಆಮೇಲೆ ಕಬ್ಬಿಣದ ಶಟರು ಗರಗರನೆ ಮೇಲೇಳುತ್ತದೆ, ನಡುವೆ ಒಮ್ಮೆ ಸಿಕ್ಕಿಕೊಂಡು ನಿಂತು, ಮತ್ತೆ ಪೂರ್ತಿ ಏರುತ್ತದೆ. ಸುಮತಿ ಎದ್ದು ನಿಂತಿದ್ದಾರೆ. ಕಣ್ಣು ತುಂಬಿದೆ, ಪಕ್ಕದವರು ನೋಡುತ್ತಿರುವುದು ಅವರಿಗೆ ಗೊತ್ತೇ ಆಗುವುದಿಲ್ಲ.

"ಕೇಳಿಸ್ತೇನ?"

"ಕೇಳಿಸ್ತು ಅಮ್ಮ."

"ಮನಿಯಿಂದ ಇಲ್ಲಿಗೆ ಎಷ್ಟ ಅಂತ ಬರದಿದ್ದಿ?"

"ಒಂಬತ್ತು ಒತ್ತು."

"ನನ್ನ ಕಾಲಿಗೆ ನೂರಾ ನಲವತ್ತು ಹೆಜ್ಜಿ," ಎನ್ನುತ್ತಾರೆ ನೀಲವ್ವ. "ಒಬ್ಬಾಕಿನ ಬಂದೇನಿ."