ಪಾಯಸದ ಪಾತ್ರೆಯ ಅಂಚು

“ನಿಮ್ಮದು ಸವಣೂರಿನ ಲೀಲಾವತಿಯವರ ಮನೆಯಾ?”

ಕಂಪ್ಯೂಟರಿನಲ್ಲಿ ಈ ಸಂದೇಶ ಬಂದಿತ್ತು. ಲೀಲಾವತಿ ನನ್ನ ತೀರಿಹೋದ ಅಮ್ಮ, ಪುತ್ತೂರಿನ ಹತ್ತಿರದ ಸವಣೂರು ನಮ್ಮೂರು. ಅಡುಗೆಯ ಆ ಆನ್‌ಲೈನ್ ಗುಂಪಿನಲ್ಲಿ ನಾನಿರುವುದು ಸುಳ್ಳು ಹೆಸರಿನಲ್ಲಿ. ಊರು ಹೇಳಿಲ್ಲ, ಮುಖ ತೋರಿಸಿಲ್ಲ. ಬೆಳಿಗ್ಗೆ ಹಾಕಿದ್ದು ನಾನೇ ಮಾಡಿದ ಹಲಸಿನ ಹಣ್ಣಿನ ಪಾಯಸದ ಚಿತ್ರ ಮಾತ್ರ. ಯಾರಿದು? ಕಂಪ್ಯೂಟರಿನೊಳಗೆ ಯಾರೋ ನುಗ್ಗಿದ್ದಾರೆಂದೇ ತಿಳಿದು ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆ, ಕ್ಯಾಮೆರಾಕ್ಕೆ ಟೇಪ್ ಅಂಟಿಸಿದೆ. ಆಮೇಲೆ, “ಯಾರು ನೀವು? ಪೊಲೀಸರಿಗೆ ಹೇಳ್ತೇನೆ” ಎಂದು ಬರೆದೆ.

“ಹೆದರ್ಬೇಡಿ ಮಾರಾಯ್ರೆ. ನಿಮ್ಮ ಪಾಯಸದ ಪಾತ್ರೆಯ ಅಂಚಿನಲ್ಲಿ ನನ್ನ ಅಮ್ಮನ ಹೆಸರುಂಟು. ಅರಂತೋಡಿನ ಮದುವೆಮನೆಯಲ್ಲಿ ಬದಲಾದದ್ದು ಕಾಣ್ತದೆ. ಲೀಲಾವತಿ, ಸವಣೂರು ಅಂತ ಬರೆದ ಪಾತ್ರೆ ನಮ್ಮಲ್ಲಿ ಉಂಟು.”

ಅಡುಗೆಮನೆಗೆ ಓಡಿ ಪಾತ್ರೆ ತಿರುಗಿಸಿದೆ. ‘ಕಮಲ, ಅರಂತೋಡು’ ಎಂದು ಕೊರೆದಿತ್ತು. ಇಷ್ಟು ವರ್ಷ ತೊಳೆದಿಟ್ಟರೂ ನಾನದನ್ನು ಓದಿರಲಿಲ್ಲ.

ಆಮೇಲೊಂದು ದಿನ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಭೇಟಿಯಾದೆವು, ಪಾತ್ರೆಗಳು ಮತ್ತೆ ಬದಲಾದವು. ಕ್ಯಾಮೆರಾದ ಟೇಪ್ ಮಾತ್ರ ಇನ್ನೂ ತೆಗೆದಿಲ್ಲ, ಸಂಶಯ ನನ್ನ ಹುಟ್ಟುಗುಣ. ಆದರೆ ಯಾರಿಗೂ ಗೊತ್ತಾಗದಿರಲೆಂದು ನಾನು ಮುಚ್ಚಿಟ್ಟ ಊರನ್ನು, ಪಾತ್ರೆ ಎಲ್ಲಿ ಹೋದರೂ ಮನೆಗೆ ಮರಳಲೆಂದು ಅಮ್ಮ ಸ್ಟೀಲಿನ ಮೇಲೆ ಕೊರೆಸಿಟ್ಟಿದ್ದರು.